ಕಾರ್ಪಲ್ ಟನೆಲ್ ಆಪರೇಷನ್: ಯಾವಾಗ ಮಾಡಿಸಬೇಕು, ಆಮೇಲೆ ಕೈಯನ್ನು ಹೇಗೆ ನೋಡಿಕೊಳ್ಳಬೇಕು

ಬೆರಳುಗಳು ಜೋಮು ಹಿಡಿದು ತಿಂಗಳುಗಟ್ಟಲೆ ನಿದ್ದೆ ಕೆಟ್ಟ ಮೇಲೆ ಡಾಕ್ಟರು "ಆಪರೇಷನ್ ಬಗ್ಗೆ ಯೋಚನೆ ಮಾಡಿ" ಅನ್ನುತ್ತಾರೆ. ಕೆಲವರು ರಾತ್ರಿ ಒಂದು ಸ್ಪ್ಲಿಂಟ್ (ಮಣಿಕಟ್ಟು ಮಡಚದ ಹಾಗೆ ಹಿಡಿಯುವ ಕಟ್ಟು) ಕೂಡ ಕಟ್ಟಿ ನೋಡದೆ ಸೀದಾ ಆಪರೇಷನ್‌ಗೆ ಹೊರಡುತ್ತಾರೆ. ಇನ್ನು ಕೆಲವರು "ಇನ್ನೂ ತಡ್ಕೋಬಹುದು" ಅಂತ ವರ್ಷಗಟ್ಟಲೆ ತಳ್ಳುತ್ತಾರೆ. ನನ್ನ ಪ್ರಕಾರ ಎರಡನೆಯವರಿಗೇ ನಷ್ಟ ಜಾಸ್ತಿ. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಈ ಕಾಯಿಲೆಯಲ್ಲಿ ನೋವನ್ನು ನಂಬಿ ಕೂರುವ ಹಾಗಿಲ್ಲ. ಒತ್ತಡಕ್ಕೆ ಸಿಕ್ಕ ನರ ತೀರಾ ಸೋತಾಗ ನೋವು ತಾನಾಗಿಯೇ ಕಡಿಮೆಯಾಗುವುದೂ ಉಂಟು. ವಾಸಿಯಾಯಿತು ಅಂತ ಆಗ ಸುಮ್ಮನಾದವರು, ಅಂಗಿ ಗುಂಡಿ ಹಾಕಲು ಬಾರದೆ ಹೋದಾಗ ಮತ್ತೆ ಡಾಕ್ಟರ ಹತ್ತಿರ ಓಡುತ್ತಾರೆ. ಹಾಗಾಗಿ ಬೆರಳ ತುದಿಗೆ ಸ್ಪರ್ಶ ಎಷ್ಟು ತಿಳಿಯುತ್ತಿದೆ, ಹೆಬ್ಬೆರಳಿಗೆ ಎಷ್ಟು ಬಲ ಇದೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಕು.

ಮಣಿಕಟ್ಟಿನ ಒಳಗೆ ಆಗಿರುವುದೇನು

ಅಂಗೈಯ ಬುಡದಲ್ಲಿ ಒಂದು ಕಿರಿದಾದ ದಾರಿ ಇದೆ. ಕಾರ್ಪಲ್ ಟನೆಲ್ ಅನ್ನುವುದು ಇದಕ್ಕೇ. ಕೆಳಗೆ ಮತ್ತು ಅಕ್ಕಪಕ್ಕ ಮಣಿಕಟ್ಟಿನ ಸಣ್ಣ ಮೂಳೆಗಳು, ಮೇಲೆ ಲಿಗಮೆಂಟ್ ಎನ್ನುವ ಗಟ್ಟಿ ಪಟ್ಟಿ. ಬೆರಳು ಮಡಚುವ ಒಂಬತ್ತು ಹುರಿಗಳು ಇದರೊಳಗೆ ಹಾದುಹೋಗುತ್ತವೆ. ಅವುಗಳ ಜೊತೆಗೇ ಮೀಡಿಯನ್ ನರವೂ ಹೋಗುತ್ತದೆ. ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರು ಹತ್ತಿದರೆ ಮೊದಲು ನಲುಗುವವರು ಮೆತ್ತಗಿನವರೇ ಅಲ್ವಾ? ಇಲ್ಲೂ ಹುರಿಗಳ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ಪೆಟ್ಟು ಬೀಳುವುದು ನರಕ್ಕೆ. ಮಣಿಕಟ್ಟು ಮಡಚಿದಾಗ ಒಳಗಿನ ಒತ್ತಡ ಹಲವು ಪಟ್ಟು ಏರುತ್ತದೆ. ನಿದ್ದೆಯಲ್ಲಿ ನಾವು ಕೈ ಮಡಚಿಕೊಂಡೇ ಮಲಗುತ್ತೇವೆ. ರಾತ್ರಿ ಕಾಟ ಜಾಸ್ತಿ ಆಗುವುದು ಅದಕ್ಕೇ.

ಮೊದಲು ಇದು ಅದೇ ಕಾಯಿಲೆಯಾ ಅಂತ ಖಾತ್ರಿ ಮಾಡಿಕೊಳ್ಳಿ

ಕೈ ಜೋಮು ಹಿಡಿದರೆಲ್ಲ ಕಾರ್ಪಲ್ ಟನೆಲ್ ಅಲ್ಲ. ಯಾವ ಬೆರಳು ಅನ್ನುವುದು ಮುಖ್ಯ. ಮೀಡಿಯನ್ ನರ ನೋಡಿಕೊಳ್ಳುವುದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗವನ್ನು. ಕಿರುಬೆರಳಿಗೆ ಬೇರೆಯೇ ನರ ಇದೆ. ಒಂದು ವಾರ ಹಾಸಿಗೆ ಪಕ್ಕ ಕಾಗದ ಇಟ್ಟುಕೊಂಡು, ಎಚ್ಚರವಾದಾಗ ಯಾವ ಬೆರಳು ಮರಗಟ್ಟಿತ್ತು ಅಂತ ಗುರುತು ಹಾಕಿ. ಉಂಗುರದ ಬೆರಳಿನಲ್ಲಿ ಮಧ್ಯದ ಬೆರಳಿನ ಕಡೆಯ ಅರ್ಧ ಮಾತ್ರ ಮಂಕಾಗಿದ್ದು ಕಿರುಬೆರಳಿನ ಕಡೆಯ ಅರ್ಧ ಸರಿಯಾಗಿದ್ದರೆ ಅದು ಒಳ್ಳೆಯ ಸುಳಿವು. ಕಿರುಬೆರಳೇ ಮುಖ್ಯವಾಗಿ ಜೋಮು ಹಿಡಿಯುತ್ತಿದ್ದರೆ ತೊಂದರೆ ಮೊಣಕೈ ಹತ್ತಿರ ಇರಬಹುದು. ಕುತ್ತಿಗೆಯಿಂದ ತೋಳಿನುದ್ದಕ್ಕೂ ನೋವು ಇಳಿಯುತ್ತಿದ್ದರೆ ಕುತ್ತಿಗೆಯ ನರವನ್ನೂ ನೋಡಿಸಬೇಕು. ಕುತ್ತಿಗೆಯ ತೊಂದರೆ, ಕಾರ್ಪಲ್ ಟನೆಲ್ ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಅಂಥವರು ಮಣಿಕಟ್ಟಿನ ಆಪರೇಷನ್ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬಾರದು.

ಎಚ್ಚರವಾದ ತಕ್ಷಣ ಕೈಯನ್ನು ನೀರು ಕೊಡವಿದ ಹಾಗೆ ಕೊಡವಿದರೆ ಹಾಯೆನಿಸುತ್ತದಾ? ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಈ ಒಂದು ಮಾತಿಗೇ ಅವರ ಕಿವಿ ನೆಟ್ಟಗಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಒಂದಿದೆ. ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗುವ ಹಾಗೆ, ಬೆರಳುಗಳು ನೆಲದ ಕಡೆ ತಿರುಗುವ ಹಾಗೆ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿಯಿರಿ. ಅಷ್ಟರೊಳಗೆ ಅದೇ ಬೆರಳುಗಳಲ್ಲಿ ಜುಮುಜುಮು ಶುರುವಾದರೆ ಸಂಶಯ ಬಲವಾಗುತ್ತದೆ. ಇದಕ್ಕೆ ಫೇಲನ್ ಪರೀಕ್ಷೆ ಅನ್ನುತ್ತಾರೆ. 1950ರ ದಶಕದಲ್ಲಿ ಈ ಕಾಯಿಲೆಯನ್ನು ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಯ ಮಾಡಿಸಿದ ಅಮೆರಿಕದ ಸರ್ಜನ್ ಜಾರ್ಜ್ ಫೇಲನ್ ಹೆಸರು ಅದು. ಏನೂ ಆಗದಿದ್ದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ, ಅದು ನೆನಪಿರಲಿ.

ಆಪರೇಷನ್ ಮಾತು ಬಂದಾಗ ಸಾಮಾನ್ಯವಾಗಿ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಬೆರಳಿಗೆ ಮತ್ತು ಅಂಗೈಗೆ ಚಿಕ್ಕ ಪಟ್ಟಿ ಅಂಟಿಸಿ, ಮಣಿಕಟ್ಟಿನ ಮೇಲೆ ಸಣ್ಣ ಶಾಕ್ ಕೊಡುತ್ತಾರೆ. ಹೆಬ್ಬೆರಳು ನಿಮ್ಮ ಮಾತು ಕೇಳದೆ ತಾನಾಗಿ ಪಟ್ ಅಂತ ಕುಣಿಯುತ್ತದೆ. ನೋಡಲು ತಮಾಷೆ, ಅನುಭವಿಸಲು ಅಷ್ಟೇನಲ್ಲ. ಸಂದೇಶ ಟನೆಲ್ ದಾಟಲು ಎಷ್ಟು ತಡವಾಗುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ಕೆಲವೊಮ್ಮೆ ಸ್ನಾಯುವಿಗೆ ತೆಳು ಸೂಜಿ ಚುಚ್ಚಿಯೂ ನೋಡುತ್ತಾರೆ. ಸ್ಪರ್ಶದ ನರ ಮಾತ್ರ ಸೋತಿದೆಯಾ, ಸ್ನಾಯು ನಡೆಸುವ ನರವೂ ಸೋತಿದೆಯಾ ಅಂತ ರಿಪೋರ್ಟ್ ಬಂದ ಮೇಲೆ ಕೇಳಿ. "ಸೌಮ್ಯ", "ಮಧ್ಯಮ", "ತೀವ್ರ" ಅನ್ನುವ ಪದಗಳಿಗಿಂತ ಈ ಉತ್ತರ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೆಲವು ಕಡೆ ಅಲ್ಟ್ರಾಸೌಂಡ್‌ನಲ್ಲಿ ನರ ಎಷ್ಟು ಊದಿಕೊಂಡಿದೆ ಅಂತಲೂ ನೋಡುತ್ತಾರೆ.

ಹಿಂದೆ ಬೇರೆ ಕಾರಣ ಇದೆಯಾ ನೋಡಿ

ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ರುಮಟಾಯ್ಡ್ ಸಂಧಿವಾತ, ಬೊಜ್ಜು, ಹಿಂದೆ ಮಣಿಕಟ್ಟಿನ ಮೂಳೆ ಮುರಿದದ್ದು – ಇವೆಲ್ಲ ಈ ತೊಂದರೆಗೆ ದಾರಿ. ರಕ್ತ ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿ. ಗರ್ಭಿಣಿಯರಲ್ಲಿ ಮೈ ನೀರು ತುಂಬಿಕೊಂಡು ಬರುವ ಕಾರ್ಪಲ್ ಟನೆಲ್ ಹೆರಿಗೆಯಾದ ಮೇಲೆ ಬಹಳ ಮಟ್ಟಿಗೆ ಇಳಿಯುತ್ತದೆ. ಅವರು ಸ್ಪ್ಲಿಂಟ್ ಕಟ್ಟಿಕೊಂಡು ಕಾಯುವುದೇ ಒಳ್ಳೆಯದು. ವಯಸ್ಸಾದವರಿಗೆ ಎರಡೂ ಕೈಗೆ ಬಂದಿದ್ದು, ಜೊತೆಗೆ ಉಸಿರುಕಟ್ಟುವುದು, ಕಾಲು ಊದುವುದು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಅಮೈಲಾಯ್ಡ್ ಎನ್ನುವ ಪ್ರೋಟೀನು ಹೃದಯಕ್ಕೂ ಮಣಿಕಟ್ಟಿಗೂ ಸೇರಿಕೊಳ್ಳುವ ಕಾಯಿಲೆಯೊಂದಿದೆ. ಅದರ ಮೊದಲ ಸುಳಿವು ಕೆಲವೊಮ್ಮೆ ಕೈಯಲ್ಲೇ ಕಾಣುತ್ತದೆ.

ಕೀಬೋರ್ಡ್ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ಅದಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಜೋರಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ, ಅದುರುವ ಯಂತ್ರ ಹಿಡಿಯುವ ಕೆಲಸ – ಇವುಗಳ ಸಂಬಂಧ ಹೆಚ್ಚು ಸ್ಪಷ್ಟ.

ಆಪರೇಷನ್‌ಗೆ ಮೊದಲು ಸರಿಯಾಗಿ ಮಾಡಿ ನೋಡಬೇಕಾದದ್ದು

"ಸ್ಪ್ಲಿಂಟ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ" ಅನ್ನುವವರ ಸ್ಪ್ಲಿಂಟ್ ಒಮ್ಮೆ ತೆಗೆದು ನೋಡಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳಲ್ಲಿ ಅಂಗೈ ಕಡೆ ಒಂದು ಲೋಹದ ಪಟ್ಟಿ ಇರುತ್ತದೆ. ಅದು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುವ ಹಾಗೆ ಬಗ್ಗಿರುತ್ತದೆ. ನಮಗೆ ಬೇಕಾದದ್ದು ಮಣಿಕಟ್ಟು ನೇರ ಇರುವುದು. ಪಟ್ಟಿಯನ್ನು ಹೊರಕ್ಕೆ ಎಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ಮತ್ತೆ ಒಳಗೆ ತೂರಿಸಬಹುದು. ಬೆರಳುಗಳು ಪೂರ್ತಿ ಮಡಚಲು ಬರಬೇಕು, ಕಟ್ಟು ಬಿಗಿಯಾಗಿ ಗುರುತು ಮೂಡಬಾರದು. ಪ್ರತಿ ರಾತ್ರಿ, ಕನಿಷ್ಠ ಆರು ವಾರ. ಎರಡು ರಾತ್ರಿ ಹಾಕಿ ಮೂರನೆಯ ರಾತ್ರಿ ಕಿತ್ತು ಬಿಸಾಕಿದರೆ ಅದು ಲೆಕ್ಕಕ್ಕಿಲ್ಲ.

ಅದು ಸಾಲದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಊತ ಇಳಿದು ವಾರಗಳಿಂದ ತಿಂಗಳುಗಳವರೆಗೆ ನೆಮ್ಮದಿ ಸಿಗುತ್ತದೆ. ಬಹಳ ಜನರಿಗೆ ತೊಂದರೆ ಮರಳಿ ಬರುತ್ತದೆ. ಆದರೂ ದಂಡವಲ್ಲ. ಇಂಜೆಕ್ಷನ್ನಿಗೆ ಕೈ ಚೆನ್ನಾಗಿ ಸ್ಪಂದಿಸಿದರೆ ಕಾಯಿಲೆ ಇರುವುದು ಅಲ್ಲೇ ಅಂತ ಖಾತ್ರಿಯಾಗುತ್ತದೆ, ಆಪರೇಷನ್ನಿಂದಲೂ ಗುಣ ಸಿಗುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ, ಗಮನ ಇರಲಿ.

ವಿಟಮಿನ್ ಬಿ6 ಮಾತ್ರೆ ಬಗ್ಗೆ ಒಂದು ಮಾತು. ಇದರಿಂದ ಕಾರ್ಪಲ್ ಟನೆಲ್ ಗುಣವಾಗುತ್ತದೆ ಅನ್ನಲು ಒಳ್ಳೆಯ ಪುರಾವೆ ಇಲ್ಲ. ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡರೆ ಅದೇ ನರಗಳನ್ನು ಹಾಳು ಮಾಡಿ ಜೋಮು ತರುತ್ತದೆ. ಸುಮ್ನೆ ಯಾರೋ ಹೇಳಿದರು ಅಂತ ನುಂಗಬೇಡಿ.

ಇನ್ನು ಕಾಯಬಾರದು ಅಂತ ಗೊತ್ತಾಗುವುದು ಹೇಗೆ

ಜೋಮು ಬಂದು ಹೋಗುತ್ತಿರುವ ತನಕ ನಿಮ್ಮ ಕೈಯಲ್ಲಿ ಸಮಯ ಇದೆ. ಅದು ಬಂದು ಅಲ್ಲೇ ಉಳಿದುಬಿಟ್ಟರೆ, ಅಂದರೆ ಹಗಲಲ್ಲೂ ಬೆರಳ ತುದಿ ದಿನವಿಡೀ ಮಂಕಾಗಿದ್ದರೆ, ಪರಿಸ್ಥಿತಿ ಬದಲಾಗಿದೆ. ಜೇಬಿಗೆ ಕೈ ಹಾಕಿ, ನೋಡದೆ, ನಾಣ್ಯ ಯಾವುದು ಕೀಲಿ ಯಾವುದು ಅಂತ ಬೆರಳಲ್ಲೇ ಗುರುತಿಸಿ. ಆಗದಿದ್ದರೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ.

ಆಮೇಲೆ ಹೆಬ್ಬೆರಳ ಬುಡದ ಉಬ್ಬು. ಕಿಟಕಿ ಪಕ್ಕ ಕೂತು, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ಎರಡೂ ಅಂಗೈ ಮೇಲೆ ಮಾಡಿ ಮಂಡಿಯ ಮೇಲೆ ಇಡಿ. ತುಂಬಿಕೊಂಡು ಗುಂಡಗಿರಬೇಕಾದ ಆ ಸ್ನಾಯು ಒಂದು ಕೈಯಲ್ಲಿ ಚಪ್ಪಟೆಯಾಗಿದೆಯಾ, ಮೂಳೆಯ ಅಂಚಿನ ಪಕ್ಕ ಸಣ್ಣ ತಗ್ಗು ಕಾಣುತ್ತದಾ ನೋಡಿ. ಇನ್ನೊಂದು ಪರೀಕ್ಷೆ: ಅಂಗೈ ಮೇಲೆ ಮಾಡಿಟ್ಟು ಹೆಬ್ಬೆರಳನ್ನು ಸೀದಾ ಆಕಾಶದ ಕಡೆ ಎತ್ತಿ, ಬೇರೆಯವರು ಅದನ್ನು ಕೆಳಕ್ಕೆ ಒತ್ತಲಿ. ಸುಲಭವಾಗಿ ಸೋತುಬಿಟ್ಟರೆ ಸ್ನಾಯುವಿನ ನರಕ್ಕೆ ಪೆಟ್ಟಾಗಿರಬಹುದು. ಸ್ನಾಯು ಕರಗಿದ ಮೇಲೆ ಆಪರೇಷನ್ ಮಾಡಿಸಿದರೂ ಅದು ಪೂರ್ತಿ ತುಂಬಿಕೊಳ್ಳುತ್ತದೆ ಅಂತ ಹೇಳಲಾಗದು. ನಾನು ಈ ವಿಷಯದಲ್ಲಿ ಸ್ವಲ್ಪ ಹಠ ಹಿಡಿಯುವುದು ಅದಕ್ಕೇ.

ಇನ್ನೊಂದು ಗುಂಪಿನವರೂ ಇದ್ದಾರೆ. ಇವರಿಗೆ ಸ್ನಾಯು ಚೆನ್ನಾಗಿದೆ, ಸ್ಪರ್ಶವೂ ಇದೆ, ಆದರೆ ಸ್ಪ್ಲಿಂಟ್ ಕಟ್ಟಿಯೂ ರಾತ್ರಿ ನಿದ್ದೆ ಇಲ್ಲ. ಅವರೂ ಆಪರೇಷನ್ ಮಾಡಿಸಬಹುದು. ಆದರೆ ಆತುರ ಬೇಕಿಲ್ಲ, ಅನುಕೂಲವಾದ ತಿಂಗಳು ನೋಡಿಕೊಂಡು ಮಾಡಿಸಬಹುದು.

ಸರ್ಜನ್ ಹತ್ತಿರ ಕೇಳಬೇಕಾದ್ದು

ಮಾಡುವ ಕೆಲಸ ಒಂದೇ. ಟನೆಲ್ ಮೇಲಿನ ಆ ಗಟ್ಟಿ ಲಿಗಮೆಂಟ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ಬಿಡುತ್ತಾರೆ. ಏನನ್ನೂ ತೆಗೆದು ಹಾಕುವುದಿಲ್ಲ. ಸೀಳಿದ ಅಂಚುಗಳು ದೂರ ಸರಿದು, ನಡುವೆ ನಿಧಾನಕ್ಕೆ ಹೊಸ ಅಂಗಾಂಶ ತುಂಬುತ್ತದೆ, ದಾರಿ ಅಗಲವಾಗುತ್ತದೆ. ಇದನ್ನು ಎರಡು ರೀತಿ ಮಾಡುತ್ತಾರೆ. ಓಪನ್ ವಿಧಾನದಲ್ಲಿ ಅಂಗೈ ಬುಡದಲ್ಲಿ ಕೆಲವು ಸೆಂಟಿಮೀಟರ್ ಗಾಯ ಮಾಡಿ ನೇರವಾಗಿ ನೋಡಿಕೊಂಡು ಕತ್ತರಿಸುತ್ತಾರೆ. ಎಂಡೋಸ್ಕೋಪಿಯಲ್ಲಿ ಒಂದೋ ಎರಡೋ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಒಳಗಿನಿಂದ ಕತ್ತರಿಸುತ್ತಾರೆ. ಎಂಡೋಸ್ಕೋಪಿ ಮಾಡಿಸಿಕೊಂಡವರು ಸರಾಸರಿ ಸ್ವಲ್ಪ ಬೇಗ ಕೆಲಸಕ್ಕೆ ಮರಳುತ್ತಾರೆ, ಗಾಯದ ನೋವೂ ಕಡಿಮೆ. ಆದರೆ ನರಕ್ಕೆ ತಾತ್ಕಾಲಿಕ ಪೆಟ್ಟಾಗುವ ಸಾಧ್ಯತೆ ಅದರಲ್ಲಿ ತುಸು ಹೆಚ್ಚು. ಒಂದು ವರ್ಷದ ನಂತರ ನೋಡಿದರೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ. "ಯಾವುದು ಉತ್ತಮ?" ಅಂತ ಕೇಳುವ ಬದಲು "ನೀವು ಯಾವುದನ್ನು ಜಾಸ್ತಿ ಮಾಡುತ್ತೀರಿ?" ಅಂತ ಕೇಳಿ. ಸರ್ಜನ್ ಕೈಗೆ ಯಾವುದು ಪಳಗಿದೆಯೋ ಅದೇ ನಿಮಗೆ ಉತ್ತಮ.

ಅರಿವಳಿಕೆ ಹೇಗೆ ಅಂತಲೂ ಕೇಳಿ. ಬಹುತೇಕ ಕಡೆ ಕೈಯನ್ನಷ್ಟೇ ಮರಗಟ್ಟಿಸುತ್ತಾರೆ. ಕೆಲವರು ತೋಳಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ರಕ್ತ ತಡೆಯುತ್ತಾರೆ. ಕೈಗಿಂತ ಆ ಪಟ್ಟಿಯ ಬಿಗಿತವೇ ಹಿಂಸೆ ಅನ್ನುವವರಿದ್ದಾರೆ. ಅರಿವಳಿಕೆ ಮದ್ದಿನ ಜೊತೆ ಅಡ್ರಿನಲಿನ್ ಸೇರಿಸಿ ಚುಚ್ಚಿದರೆ ರಕ್ತನಾಳಗಳು ಕುಗ್ಗಿ ಚರ್ಮ ಬಿಳಿಚಿಕೊಳ್ಳುತ್ತದೆ, ರಕ್ತ ಹೆಚ್ಚು ಸೋರುವುದಿಲ್ಲ, ಪಟ್ಟಿಯೇ ಬೇಕಾಗುವುದಿಲ್ಲ. ಈ ವಿಧಾನ ಈಗ ಚೆನ್ನಾಗಿ ಬಳಕೆಯಲ್ಲಿದೆ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಈ ಸಣ್ಣ ಆಪರೇಷನ್‌ಗೆ ಎಷ್ಟೋ ಸಲ ಅದನ್ನು ನಿಲ್ಲಿಸಬೇಕಾಗಿಲ್ಲ. ನೀವೇ ನಿರ್ಧಾರ ಮಾಡಿ ನಿಲ್ಲಿಸುವುದು ಮಾತ್ರ ಅಪಾಯ. ಇತ್ತೀಚೆಗೆ ಆ ಕೈಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದರೆ ಅದನ್ನೂ ಹೇಳಿ.

ಹಿಂದಿನ ದಿನಗಳ ತಯಾರಿ

ಒಂದು ಕೈಯಲ್ಲಿ ಬದುಕುವುದನ್ನು ಅರ್ಧ ದಿನ ಅಭ್ಯಾಸ ಮಾಡಿ ನೋಡಿ. ಆಪರೇಷನ್ ಆಗುವ ಕೈಗೆ ಕಾಲುಚೀಲ ಹಾಕಿಕೊಂಡು ಹಲ್ಲುಜ್ಜಿ, ಸ್ನಾನ ಮಾಡಿ, ಬಟ್ಟೆ ಹಾಕಿ, ಶೌಚಕ್ಕೆ ಹೋಗಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಆಗಲೇ ಗೊತ್ತಾಗುತ್ತದೆ. ಗುಂಡಿ ಇಲ್ಲದ, ತೋಳು ಸಡಿಲವಾದ ಬಟ್ಟೆ ತೆಗೆದಿಡಿ. ಬಿಗಿ ಮುಚ್ಚಳಗಳನ್ನೆಲ್ಲ ಮೊದಲೇ ಸಡಿಲ ಮಾಡಿಡಿ. ಮಾತ್ರೆಯ ಡಬ್ಬಿಯದು ವಿಶೇಷವಾಗಿ, ಒತ್ತಿ ತಿರುಗಿಸುವ ಆ ಮುಚ್ಚಳ ಒಂದೇ ಕೈಗೆ ಬಗ್ಗುವುದೇ ಇಲ್ಲ. ಕೈಗೆ ಸುತ್ತಲು ಉದ್ದನೆಯ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಎರಡು ಹೆಚ್ಚುವರಿ ದಿಂಬು ಇರಲಿ. ಉಂಗುರ ತೆಗೆದುಬಿಡಿ. ಮರಳುವಾಗ ಗಾಡಿ ಓಡಿಸಲು ಬೇರೆಯವರು ಬೇಕು.

ಆ ದಿನ

ಒಟ್ಟು ಆಸ್ಪತ್ರೆಯಲ್ಲಿ ಕೆಲವು ಗಂಟೆ, ಆಪರೇಷನ್ ಅಂದರೆ ಹತ್ತಿಪ್ಪತ್ತು ನಿಮಿಷ. ಮದ್ದು ಚುಚ್ಚುವಾಗ ಉರಿಯುತ್ತದೆ. ಆಪರೇಷನ್ ಹೊತ್ತಿನಲ್ಲಿ ಕೈಗೆ ನೋವು ಅನ್ನುವುದು ಸಾಮಾನ್ಯವಾಗಿ ಅದೊಂದೇ. ಆಮೇಲೆ ಎಳೆದ, ಒತ್ತಿದ ಅನುಭವ ಆಗುತ್ತದೆ, ನೋವಾಗುವುದಿಲ್ಲ. ಚೂಪು ನೋವು ಕಂಡರೆ ಹಲ್ಲು ಕಚ್ಚಿ ಸಹಿಸಬೇಡಿ, ಹೇಳಿ, ಇನ್ನಷ್ಟು ಮದ್ದು ಹಾಕುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಮದ್ದಿನ ಅಮಲು ಇಳಿಯುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಅದರ ಜೊತೆ ಐಬುಪ್ರೊಫೆನ್ ತರಹದ್ದು ಸಾಕಾಗುತ್ತದೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರು ಎರಡನೆಯದನ್ನು ಕೇಳದೆ ತೆಗೆದುಕೊಳ್ಳಬಾರದು.

ಮೊದಲ ಎರಡು ವಾರ

ಬಹಳ ಜನರಿಗೆ ಮೊದಲ ಕೆಲವು ರಾತ್ರಿಗಳಲ್ಲೇ ರಾತ್ರಿಯ ಜೋಮು ಮಾಯವಾಗುತ್ತದೆ. ಗಾಯ ನೋಯುತ್ತಿರುತ್ತದೆ, ಆದರೂ ನಿದ್ದೆ ಬರುತ್ತದೆ. ಇದು ಈ ಆಪರೇಷನ್ನಿನ ದೊಡ್ಡ ಬಹುಮಾನ. ಅದೇ ಖುಷಿಯಲ್ಲಿ ಎಲ್ಲ ಸರಿಹೋಯಿತು ಅಂತ ಮೂರನೆಯ ದಿನ ಬಕೆಟ್ ಎತ್ತಲು ಹೋಗಬೇಡಿ.

ಮೊದಲ ಎರಡು ಮೂರು ದಿನ ಕೈ ಎದೆಗಿಂತ ಮೇಲಿರಲಿ. ಕೂತಾಗ ದಿಂಬಿನ ಮೇಲೆ, ಮಲಗಿದಾಗ ಪಕ್ಕದಲ್ಲಿ ಎರಡು ದಿಂಬು ಪೇರಿಸಿ ಅದರ ಮೇಲೆ. ಜೋಳಿಗೆಯಂತೆ ಕುತ್ತಿಗೆಗೆ ಕಟ್ಟಿಕೊಂಡು ಇಡೀ ದಿನ ನೇತುಹಾಕಿದರೆ ಭುಜ ಬಿಗಿಯುತ್ತದೆ, ಕೈ ಇಳಿಬಿದ್ದು ಊತವೂ ಹೋಗುವುದಿಲ್ಲ.

ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಗಂಟೆಗೊಮ್ಮೆ, ಮೆಲ್ಲಗೆ. ಮೊದಲು ಐದೂ ಬೆರಳು ನೇರ ಚಾಚಿ. ಆಮೇಲೆ ಬೆರಳ ಬುಡ ನೇರ ಇಟ್ಟು ತುದಿಗಳನ್ನು ಕೊಕ್ಕೆಯ ಹಾಗೆ ಮಡಚಿ. ಮತ್ತೆ ನೇರ, ಈ ಸಲ ಪೂರ್ತಿ ಮುಷ್ಟಿ. ಮತ್ತೆ ನೇರ, ಕೊನೆಗೆ ಬೆರಳ ತುದಿ ಅಂಗೈಯ ಬುಡ ಮುಟ್ಟುವ ಹಾಗೆ ಚಪ್ಪಟೆ ಮುಷ್ಟಿ. ಹುರಿಗಳೂ ನರವೂ ಒಂದಕ್ಕೊಂದು ಅಂಟಿಕೊಳ್ಳದೆ ಜಾರಾಡುತ್ತಿರಲಿ ಅಂತ ಈ ಕೆಲಸ. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟಿ. ಮೊಣಕೈ, ಭುಜವನ್ನೂ ಆಡಿಸಿ. ಇಷ್ಟಾದರೂ ಮಣಿಕಟ್ಟು ಮಡಚಿಕೊಂಡು ಜೋರಾಗಿ ಮುಷ್ಟಿ ಬಿಗಿಯಬಾರದು. ಲಿಗಮೆಂಟ್ ಪಟ್ಟಿ ಈಗ ತೆರೆದಿದೆ, ಹುರಿಗಳು ಆ ಸಂದಿಯ ಕಡೆ ಉಬ್ಬಿ ಬರುತ್ತವೆ.

ಆಪರೇಷನ್ ಆದ ಮೇಲೂ ಸ್ಪ್ಲಿಂಟ್ ಕಟ್ಟಬೇಕಾ? ಸಾಮಾನ್ಯವಾಗಿ ಬೇಡ. ಕಟ್ಟಿದ್ದರಿಂದ ಹೆಚ್ಚು ಲಾಭ ಆಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ನಿಮ್ಮ ಸರ್ಜನ್ ಬೇರೆ ಕಾರಣಕ್ಕೆ ಹೇಳಿದ್ದರೆ ಅವರ ಮಾತು ಕೇಳಿ.

ದಪ್ಪ ಬ್ಯಾಂಡೇಜನ್ನು ಕೆಲವು ದಿನಗಳಲ್ಲಿ ತೆಗೆದು ಸಣ್ಣ ಪಟ್ಟಿ ಹಾಕುತ್ತಾರೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯತನಕ ಗಾಯ ಒಣಗಿರಲಿ. ಬ್ಯಾಂಡೇಜ್ ಒದ್ದೆಯಾದರೆ ಹಾಗೇ ಬಿಡಬೇಡಿ, ಬದಲಾಯಿಸಿ. ಕಪ್ ಹಿಡಿಯುವುದು, ಪುಟ ತಿರುಗಿಸುವುದು, ಫೋನ್ ಒತ್ತುವುದು ಪರವಾಗಿಲ್ಲ. ಕುರ್ಚಿಯಿಂದ ಏಳುವಾಗ ಅಂಗೈ ಊರಬೇಡಿ. ಇದು ಎಲ್ಲರೂ ಮರೆಯುವ ವಿಷಯ. ಮರೆತ ತಕ್ಷಣ ಕೈಯೇ ನೆನಪಿಸುತ್ತದೆ.

ಹೊಲಿಗೆ ಬಿಚ್ಚಿದ ಮೇಲೆ

ಗಾಯ ಪೂರ್ತಿ ಮುಚ್ಚಿ ಒಣಗಿದ ಮೇಲೆ ಕಲೆಯನ್ನು ತಿಕ್ಕಲು ಶುರು ಮಾಡಿ. ವಾಸನೆ ಇಲ್ಲದ ಸಾದಾ ಕ್ರೀಮ್ ಹಚ್ಚಿ, ಇನ್ನೊಂದು ಕೈಯ ಹೆಬ್ಬೆರಳನ್ನು ಕಲೆಯ ಮೇಲಿಟ್ಟು ಸಣ್ಣ ಸುತ್ತು ಹಾಕಿ, ಆಮೇಲೆ ಅಡ್ಡಕ್ಕೆ ಸರಿಸಿ. ಕ್ರೀಮ್ ಮೇಲೆ ಬೆರಳು ಜಾರಿದರೆ ಸಾಲದು, ಚರ್ಮವೇ ಕೆಳಗಿನ ಪದರದ ಮೇಲೆ ಸರಿಯಬೇಕು. ಮೊದಮೊದಲು ಅಲ್ಲಿ ಮುಟ್ಟಿದರೆ ವಿದ್ಯುತ್ ಹೊಡೆದ ಹಾಗೆ ಚುರುಕ್ ಅನ್ನಬಹುದು. ಹಾಗಂತ ಮುಟ್ಟದೆ ಬಿಟ್ಟರೆ ಆ ಜಾಗ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮೆತ್ತನೆ ಬಟ್ಟೆ, ಆಮೇಲೆ ಟವೆಲ್, ಆಮೇಲೆ ಒರಟು ಬಟ್ಟೆ ಹೀಗೆ ಸವರುತ್ತಾ ಅಭ್ಯಾಸ ಮಾಡಿಸಿ. ದಿನಕ್ಕೆ ಮೂರು ನಾಲ್ಕು ಸಲ, ಒಂದೆರಡು ನಿಮಿಷ ಸಾಕು.

ಜನರನ್ನು ಹೆದರಿಸುವ ನೋವು ಒಂದಿದೆ. ಅದು ಕಲೆಯ ಜಾಗದಲ್ಲಿ ಇರುವುದಿಲ್ಲ, ಅಂಗೈ ಬುಡದ ಎರಡು ಪಕ್ಕದಲ್ಲಿ, ಹೆಬ್ಬೆರಳ ಕಡೆ ಮತ್ತು ಕಿರುಬೆರಳ ಕಡೆ, ಒಳಗೆ ಆಳದಲ್ಲಿ ಇರುತ್ತದೆ. ಬಾಗಿಲು ತಳ್ಳಿದಾಗ, ಅಂಗೈ ಊರಿದಾಗ ಗೊತ್ತಾಗುತ್ತದೆ. ಡಾಕ್ಟರುಗಳು ಪಿಲ್ಲರ್ ಪೇನ್ ಅನ್ನುತ್ತಾರೆ. ಆಪರೇಷನ್ ಕೆಟ್ಟಿತು ಅಂತ ಇದರ ಅರ್ಥ ಅಲ್ಲ. ಪಟ್ಟಿಯ ಎರಡು ತುದಿಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿವೆ ಅಷ್ಟೇ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಯುತ್ತದೆ, ಕೆಲವರಿಗೆ ಆರು ತಿಂಗಳೂ ಹಿಡಿಯಬಹುದು. ಈ ಅವಧಿಯಲ್ಲಿ ಮೆತ್ತನೆಯ ಪ್ಯಾಡ್ ಇರುವ ಕೈಗವಸು ಹಾಕಿಕೊಂಡರೆ ಕೆಲಸ ಹಗುರ.

ಬಲವೂ ಮೊದಲು ಕಡಿಮೆಯಾಗಿ ಆಮೇಲೆ ಏರುತ್ತದೆ. ಮೊದಲ ಆರು ವಾರ ಮುಷ್ಟಿ ಸಡಿಲ, ಮೂರು ತಿಂಗಳ ಹೊತ್ತಿಗೆ ಹಳೆಯ ಮಟ್ಟಕ್ಕೆ ಹತ್ತಿರ. ಒದ್ದೆ ಬಟ್ಟೆ ಹಿಂಡುವುದು ಒಳ್ಳೆಯ ಪರೀಕ್ಷೆ. ಮೊದಲು ಕರವಸ್ತ್ರ, ಅದು ನೋವಿಲ್ಲದೆ ಆದ ಮೇಲೆ ಸಣ್ಣ ಟವೆಲ್. ರಬ್ಬರ್ ಚೆಂಡು ಹಿಸುಕುವ ಕೆಲಸವನ್ನು ಮೊದಲ ವಾರವೇ ಶುರು ಮಾಡುವವರನ್ನು ನೋಡಿದ್ದೇನೆ. ಅದರಿಂದ ಊತ, ನೋವು ಬಿಟ್ಟರೆ ಏನೂ ಸಿಗುವುದಿಲ್ಲ. ಎಲ್ಲರಿಗೂ ಫಿಸಿಯೋಥೆರಪಿ ಬೇಕಾಗಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಪೂರ್ತಿ ಮುಷ್ಟಿ ಕಟ್ಟಲು ಬಾರದಿದ್ದರೆ ಮಾತ್ರ ತಡ ಮಾಡದೆ ಹೋಗಿ.

ಕೆಲಸಕ್ಕೆ ಯಾವಾಗ, ಗಾಡಿ ಯಾವಾಗ

ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರ. ಆಪರೇಷನ್ ಆದದ್ದು ನೀವು ಹೆಚ್ಚು ಬಳಸದ ಕೈಗಾದರೆ ಇನ್ನೂ ಬೇಗ. ಭಾರ ಎತ್ತುವ, ಸುತ್ತಿಗೆ ಹಿಡಿಯುವ, ಅದುರುವ ಯಂತ್ರ ನಡೆಸುವ ಕೆಲಸಕ್ಕೆ ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ರಜೆ ಕೇಳುವಾಗ ಕಡಿಮೆ ದಿನ ಕೇಳಿ ಆಮೇಲೆ ಮುಂದುವರಿಸುವುದಕ್ಕಿಂತ, ಮೊದಲೇ ಸರಿಯಾದ ಲೆಕ್ಕ ಹೇಳಿ "ಮೊದಲ ತಿಂಗಳು ಹಗುರ ಕೆಲಸ ಕೊಡಿ" ಅಂತ ಡಾಕ್ಟರ ಚೀಟಿ ತರುವುದು ಜಾಣತನ.

ಗಾಡಿ ಓಡಿಸಲು ದಿನದ ಲೆಕ್ಕ ಹಾಕಬೇಡಿ. ನಿಂತ ಗಾಡಿಯಲ್ಲಿ ಕೂತು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಒಮ್ಮೆಲೇ ಪೂರ್ತಿ ತಿರುಗಿಸಿ ನೋಡಿ. ನೋವಿಗೆ ಕೈ ಹಿಂದೆ ಸರಿದರೆ ಇನ್ನೂ ಕಾಯಿರಿ. ಬೈಕ್‌ಗೆ ಇನ್ನೂ ತಡ, ಹ್ಯಾಂಡಲ್ ಮೇಲೆ ಭಾರ ಬೀಳುವುದು ಸರಿಯಾಗಿ ಗಾಯದ ಜಾಗಕ್ಕೇ. ಮಂಪರು ತರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಪ್ರಶ್ನೆಯೇ ಇಲ್ಲ.

ಕಾಯದೆ ಫೋನ್ ಮಾಡಬೇಕಾದ ಲಕ್ಷಣಗಳು

ದಿನದಿಂದ ದಿನಕ್ಕೆ ಹರಡುವ ಕೆಂಪು, ಕೀವು, ಜ್ವರ, ಕೆಟ್ಟ ವಾಸನೆ. ಬೆರಳು ತಣ್ಣಗಾಗಿ ನೀಲಿ ಅಥವಾ ಬಿಳಿ ಬಣ್ಣಕ್ಕೆ ತಿರುಗುವುದು. ಕೈ ಎತ್ತಿಟ್ಟರೂ ಬ್ಯಾಂಡೇಜ್ ಬಿಗಿಯುತ್ತಲೇ ಹೋಗುವುದು. ಅರಿವಳಿಕೆ ಇಳಿದ ಮೇಲೆ ಮೊದಲು ಇಲ್ಲದ ಹೊಸ ಜೋಮು ಅಥವಾ ಬೆರಳು ಆಡದಿರುವುದು. ಇವಕ್ಕೆ ಬೆಳಗಾಗುವುದನ್ನು ಕಾಯಬೇಡಿ. ಇನ್ನೊಂದು ನಿಧಾನವಾಗಿ ಬರುತ್ತದೆ: ವಾರಗಳು ಕಳೆದರೂ ಕೈಯಿಡೀ ಊದಿಕೊಂಡು, ಬಣ್ಣ ಬದಲಾಗಿ, ಬೆವರಿ, ಬಟ್ಟೆ ತಾಗಿದರೂ ಉರಿಯುವುದು. ಅಪರೂಪ, ಆದರೆ ಬೇಗ ಚಿಕಿತ್ಸೆ ಶುರುವಾದಷ್ಟು ಒಳ್ಳೆಯದು. ಆಪರೇಷನ್ ಆದ ಕೆಲವು ತಿಂಗಳಲ್ಲಿ ಬೆರಳೊಂದು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ ಅಂತ ಬಿಡಿಸಿಕೊಳ್ಳುವುದೂ ಕೆಲವರಿಗೆ ಉಂಟು. ಅದಕ್ಕೆ ಹೆದರಬೇಕಿಲ್ಲ, ಬೇರೆ ಚಿಕಿತ್ಸೆ ಇದೆ.

ಜೋಮು ಇನ್ನೂ ಹೋಗಿಲ್ಲವಾದರೆ

ಬಂದು ಹೋಗುತ್ತಿದ್ದ ಜೋಮು ಬೇಗ ಹೋಗುತ್ತದೆ. ಸದಾ ಇದ್ದ ಮಂಕುತನ ನಿಧಾನ. ಒಳಗಿನ ಎಳೆಗಳೇ ಹಾಳಾಗಿದ್ದರೆ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ದೂರ ಅಂತ ಅಳತೆ ಪಟ್ಟಿ ಇಟ್ಟು ನೋಡಿ, ತಿಂಗಳುಗಳು ಯಾಕೆ ಬೇಕು ಅಂತ ಗೊತ್ತಾಗುತ್ತದೆ. ತೀರಾ ತಡವಾಗಿ ಮಾಡಿಸಿದವರಲ್ಲಿ ಒಂದು ವರ್ಷದ ನಂತರವೂ ಸ್ವಲ್ಪ ಮಂಕು ಉಳಿಯಬಹುದು. ಅಲ್ಲಿಯವರೆಗೆ ಬಿಸಿ ಪಾತ್ರೆ, ಬಿಸಿ ನೀರನ್ನು ಸ್ಪರ್ಶ ಚೆನ್ನಾಗಿರುವ ಇನ್ನೊಂದು ಕೈಯಿಂದಲೇ ಪರೀಕ್ಷಿಸಿ. ಹೆಬ್ಬೆರಳ ಸ್ನಾಯು ಪೂರ್ತಿ ಕರಗಿ ಹಿಡಿತವೇ ಇಲ್ಲದವರಿಗೆ, ಬೇರೆ ಸ್ನಾಯುವಿನ ಹುರಿಯನ್ನು ಹೆಬ್ಬೆರಳಿಗೆ ಜೋಡಿಸುವ ಇನ್ನೊಂದು ಆಪರೇಷನ್ ಇದೆ. ಅದನ್ನೂ ಕೇಳಿ ನೋಡಬಹುದು.

ಆದರೆ ಹಳೆಯ ರಾತ್ರಿಯ ಕಾಟವೇ ಒಂದು ದಿನವೂ ಕಡಿಮೆಯಾಗದೆ ಮುಂದುವರಿದರೆ ಕಥೆ ಬೇರೆ. ಪಟ್ಟಿ ಪೂರ್ತಿ ಕತ್ತರಿಸಿರಲಿಕ್ಕಿಲ್ಲ, ಅಥವಾ ತೊಂದರೆ ಇದ್ದದ್ದು ಕುತ್ತಿಗೆಯಲ್ಲಿ. ಒಮ್ಮೆ ಪೂರ್ತಿ ಗುಣವಾಗಿ, ತಿಂಗಳುಗಳ ನಂತರ ಮರಳಿ ಬಂದಿದ್ದರೆ ಅದು ಮೂರನೆಯ ಸಂಗತಿ. ಡಾಕ್ಟರಿಗೆ ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿ: ಹೋಗಲೇ ಇಲ್ಲವಾ, ಹೋಗಿ ಬಂತಾ, ಹೊಸದಾಗಿ ಶುರುವಾಯಿತಾ. ಮುಂದಿನ ದಾರಿ ಇದರ ಮೇಲೇ ನಿಂತಿದೆ. ನರದ ವೇಗದ ಪರೀಕ್ಷೆ ಮತ್ತೆ ಮಾಡಿಸಿದಾಗ ಅಂಕಿ ಪೂರ್ತಿ ಸರಿಯಾಗಿಲ್ಲ ಅಂತ ಗಾಬರಿ ಬೀಳಬೇಡಿ. ಕೈ ಚೆನ್ನಾಗಿರುವ ಎಷ್ಟೋ ಜನರ ರಿಪೋರ್ಟ್ ಸಾಮಾನ್ಯ ಮಟ್ಟಕ್ಕೆ ಬರುವುದೇ ಇಲ್ಲ. ಹಳೆಯ ರಿಪೋರ್ಟ್ ಜೊತೆ ಹೋಲಿಸಿ ನೋಡಬೇಕು. ಆದ್ದರಿಂದ ಮೊದಲನೆಯದನ್ನು ಎಸೆಯಬೇಡಿ.

ಎರಡೂ ಕೈಗೆ ಇದ್ದರೆ

ಒಟ್ಟಿಗೇ ಮುಗಿಸಿಬಿಡೋಣ ಅನ್ನಿಸುವುದು ಸಹಜ. ಒಂದೇ ದಿನ ಎರಡೂ ಕೈಗೆ ಮಾಡುವ ಸರ್ಜನ್‌ಗಳಿದ್ದಾರೆ, ರಜೆಯೂ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಮೊದಲ ವಾರ ಶೌಚಕ್ಕೂ ಸ್ನಾನಕ್ಕೂ ಇನ್ನೊಬ್ಬರನ್ನು ಕರೆಯಬೇಕಾದೀತು. ಮನೆಯಲ್ಲಿ ಅಂಥ ಸಹಾಯ ಇಲ್ಲದಿದ್ದರೆ ಬೇಡ. ಹೆಚ್ಚು ಕೆಟ್ಟಿರುವ ಕೈಗೆ ಮೊದಲು ಮಾಡಿಸಿ. ಎರಡೂ ಸಮವಾಗಿದ್ದರೆ ಯಾವ ಕೈ ಇಲ್ಲದೆ ಕೆಲಸ ನಡೆಯುವುದಿಲ್ಲವೋ ಅದಕ್ಕೆ. ಇನ್ನೊಂದು ಕೈಗೆ ರಾತ್ರಿ ಸ್ಪ್ಲಿಂಟ್ ಕಟ್ಟುವುದನ್ನು ನಿಲ್ಲಿಸಬೇಡಿ, ಈ ದಿನಗಳಲ್ಲಿ ಅದಕ್ಕೇ ಕೆಲಸ ಜಾಸ್ತಿ. ಮೊದಲ ಕೈಯಲ್ಲಿ ನೋವಿಲ್ಲದೆ ಮುಚ್ಚಳ ತಿರುಗಿಸಲು ಬಂದ ಮೇಲೆ ಎರಡನೆಯದಕ್ಕೆ ದಿನ ಗೊತ್ತು ಮಾಡಿ.